ಹಲಗೆ ಗೋಡೆಯ ಹಿಂದಿನ ದನಿ

"ಕಟ್! ಮತ್ತೆ ಅದೇನಾ?" ನಿರ್ದೇಶಕ ಗ್ರೇಡಿ ಕುರ್ಚಿಯಿಂದೆದ್ದು ಕಿರುಚಿದ. "ಏನಪ್ಪಾ ಅಮೋಸ್, ಹೆಂಡ್ತಿ ಕಣ್ಮುಂದೆ ಕೂತಿದಾಳೆ, ನೀನು ಗೋಡೆ ಕಡೆ ನೋಡ್ತೀಯ. ಗೋಡೇನ ಮದುವೆ ಆಗಿದೀಯಾ?"

ಸೆಟ್ಟಿನಲ್ಲಿದ್ದವರೆಲ್ಲ ನಕ್ಕರು. ಆ ಹಲಗೆ ಗೋಡೆಯ ಹಿಂದೆ ಮೈಕಿನ ಮುಂದೆ ನಿಂತಿದ್ದ ಹೆಟ್ಟಿಗೆ ಮಾತ್ರ ನಗು ಬರಲಿಲ್ಲ.

ಸಿನಿಮಾಕ್ಕೆ ಮಾತು ಬಂದ ಹೊಸತು. ಹಾಲಿವುಡ್ಡಿಗೆ ನಾಟಕಗಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತ್ತು. ಹೆಟ್ಟಿ ಮತ್ತು ಅಮೋಸ್ ವರ್ಷಗಟ್ಟಲೆ ಊರೂರು ತಿರುಗಿ ಆಡಿದ್ದ ನಾಟಕವನ್ನೇ ಸಿನಿಮಾ ಕಂಪನಿ ಕೊಂಡುಕೊಂಡಿತು. ಅಮೋಸನ ಮುಖ ಕ್ಯಾಮೆರಾಕ್ಕೆ ಹಿಡಿಸಿತು, ಹೆಟ್ಟಿಯದು ಹಿಡಿಸಲಿಲ್ಲ. ಅವಳ ಪಾತ್ರ ಮೂಕಿ ಚಿತ್ರಗಳ ರಾಣಿ ಲೂಸಿಲ್ ಪಾಲಾಯಿತು. ಲೂಸಿಲ್ ಚೆಲುವೆ, ಆದರೆ ಬಾಯಿ ತೆರೆದರೆ ಬರೀ ಕೀರಲು ದನಿ. ಅದಕ್ಕೇ ಅವಳು ತುಟಿ ಆಡಿಸಬೇಕು, ಹೆಟ್ಟಿ ಮರೆಯಲ್ಲಿ ನಿಂತು ಮಾತಾಡಬೇಕು.

ದೃಶ್ಯವಾದರೂ ಎಂಥದು! ಗಂಡನ ಒಳಿತಿಗಾಗಿ ಹೆಂಡತಿ ಸುಳ್ಳು ಹೇಳಿ ಅವನನ್ನು ಕಳಿಸಿಬಿಡುತ್ತಾಳೆ: "ನನಗೆ ನಿನ್ನ ಮೇಲೆ ಯಾವತ್ತೂ ಪ್ರೀತಿ ಇರಲಿಲ್ಲ. ಹೋಗು." ರಂಗದ ಮೇಲೆ ಹೆಟ್ಟಿ ಹಾಗಂದಾಗಲೆಲ್ಲ ಅಮೋಸ್ ಅವಳ ಕಣ್ಣಲ್ಲಿ ಸುಳ್ಳನ್ನು ಹುಡುಕುತ್ತಿದ್ದ. ಅದು ಸಿಗುತ್ತಿತ್ತು ಕೂಡ. ಬಾಯಿಬಿಟ್ಟು ಇಬ್ಬರೂ ಏನೂ ಹೇಳಿಕೊಂಡವರಲ್ಲ.

"ಊಟ ಆದ್ಮೇಲೆ ಒಂದೇ ಚಾನ್ಸು," ಎಂದ ಗ್ರೇಡಿ. "ಆಗಲೂ ಗೋಡೆ ನೋಡಿದ್ರೆ ಬೇರೆ ಹೀರೋ ಬರ್ತಾನೆ."

ಬಿಡುವಿನಲ್ಲಿ ಅಮೋಸ್ ಸ್ಯಾಂಡ್‌ವಿಚ್ ಹಿಡಿದು ಗೋಡೆಯ ಹಿಂದೆ ಬಂದ. ದೊಡ್ಡ ತುಂಡನ್ನು ಅವಳಿಗೇ ಕೊಟ್ಟ.

"ಅಷ್ಟು ಚೆಂದದ ಹುಡುಗೀನ ನೋಡೋಕೆ ನಿಂಗೇನೋ ಕಷ್ಟ?" ಎಂದಳು ಹೆಟ್ಟಿ.

"ಚೆಂದ ಇದಾಳೆ, ಯಾರು ಇಲ್ಲ ಅಂದ್ರು? ಆದ್ರೆ ಮಾತಾಡೋಳು ನೀನಲ್ವೇನೇ?" ಎಂದು ನಕ್ಕವನು ತಟ್ಟನೆ ಗಂಭೀರನಾದ. "ಹೆಟ್ಟಿ, ನೀನಿಲ್ಲದ ಸಿನಿಮಾ ನಂಗೆ ಬೇಡ. ಇವತ್ತೇ ಎಲ್ಲ ಬಿಟ್ಟು ಬರ್ತೀನಿ. ಮದುವೆ ಆಗೋಣ. ಮತ್ತೆ ಊರೂರು ಸುತ್ತೋಣ."

ಹೆಟ್ಟಿಯ ಎದೆ ತುಂಬಿ ಬಂತು. ಈ ಮಾತಿಗಾಗಿ ಅವಳು ಎಷ್ಟು ಕಾದಿದ್ದಳು! ಆದರೆ ನಾಟಕ ಆಡುತ್ತ ಸುತ್ತುವುದಕ್ಕೆ ಊರುಗಳೆಲ್ಲಿದ್ದವು? ನಾಟಕಶಾಲೆಗಳೆಲ್ಲ ಒಂದೊಂದಾಗಿ ಸಿನಿಮಾ ಟಾಕೀಸುಗಳಾಗುತ್ತಿದ್ದವು. ಈಗ ಕೈಬಿಟ್ಟರೆ ಅವನನ್ನು ಮತ್ತೆ ಯಾರೂ ಕರೆಯುವುದಿಲ್ಲ. ಅವಳು ಹೂಂ ಅಂದರೆ ಸಾಕು, ಇವತ್ತಾಗಲಿ ನಾಳೆಯಾಗಲಿ, ಅವನು ಎಲ್ಲ ಬಿಟ್ಟು ಬರುವವನೇ.

"ಅಯ್ಯೋ, ಸ್ಟೇಜ್ ಮೇಲಿನ ಪ್ರೀತಿಯೆಲ್ಲ ಆಕ್ಟಿಂಗ್ ಕಣೋ," ಎಂದಳು. "ನೀನದನ್ನ ನಿಜ ಅಂದ್ಕೊಂಡ್ಯಾ?"

ಅಮೋಸ್ ಅವಳ ಕಣ್ಣುಗಳನ್ನು ಹುಡುಕಿದ. ಹೆಟ್ಟಿ ಒಳ್ಳೆಯ ನಟಿ. ಈ ಸಲ ಅವನಿಗೆ ಅಲ್ಲಿ ಏನೂ ಸಿಗಲಿಲ್ಲ.

"ಸರಿ," ಎಂದ. ಕೈಯಲ್ಲಿದ್ದ ತುಂಡನ್ನು ತಿನ್ನದೆ ಹೊರಟುಹೋದ.

ಕೆಂಪು ದೀಪ ಹೊತ್ತಿತು. ಹೆಟ್ಟಿ ಮೈಕಿನ ಹತ್ತಿರ ಬಾಗಿ ಹೇಳಿದಳು: "ನನಗೆ ನಿನ್ನ ಮೇಲೆ ಯಾವತ್ತೂ ಪ್ರೀತಿ ಇರಲಿಲ್ಲ. ಹೋಗು." ಹಲಗೆಗಳ ಸಂದಿಯಲ್ಲಿ ಅವನು ಕಂಡ. ನೋಟ ಲೂಸಿಲ್ ಮೇಲೇ ಇತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಭಲೇ!" ಗ್ರೇಡಿ ಚಪ್ಪಾಳೆ ತಟ್ಟಿದ. "ಅಂತೂ ಪ್ರೀತಿ ಮಾಡೋದು ಕಲಿತೆಯಲ್ಲಯ್ಯ! ಆದ್ರೆ ಲೂಸಿಲ್, ನಿನ್ನ ತುಟಿ ಮಾತಿಗಿಂತ ಸ್ವಲ್ಪ ಹಿಂದೆ ಬಿತ್ತು. ಇನ್ನೊಂದ್ಸಲ ತೆಗೆಯೋಣ. ಹೆಟ್ಟಿ, ಅದೇ ಥರ ಹೇಳಮ್ಮಾ."

ಹೆಟ್ಟಿ ಕಣ್ಣೊರೆಸಿಕೊಂಡಳು. ದನಿ ನಡುಗದಂತೆ ಅದನ್ನೇ ಇನ್ನೊಮ್ಮೆ ಹೇಳಿದಳು. ಅಮೋಸ್ ಈ ಸಲವೂ ತಿರುಗಿ ನೋಡಲಿಲ್ಲ.