ಗುರುವಾರ ಮೂರು ಗಂಟೆಯ ಭಿನ್ನಾಭಿಪ್ರಾಯ

ವಾರಕ್ಕೊಮ್ಮೆ, ಗುರುವಾರ ಮಧ್ಯಾಹ್ನ ಮೂರು ಗಂಟೆಗೆ, ನನಗೆ ಅವರೊಂದಿಗೆ ಜಗಳವಾಡಲು ಅನುಮತಿ ಇತ್ತು. ಉಳಿದ ದಿನಗಳಲ್ಲಿ ಮಾತೂ ಆಡುವಂತಿರಲಿಲ್ಲ.

ಇದು ಮನೆಯ ಹಿರಿಯರು ಹಾಕಿದ ಕಟ್ಟಳೆಯಲ್ಲ, ಕಚೇರಿಯ ನಿಯಮ. ಪ್ರಪಂಚದಲ್ಲಿ ಎಲ್ಲೇ ಒಂದು ಪ್ರಯಾಣಿಕ ವಿಮಾನವೋ ಬಿಸಿನೆಸ್ ಜೆಟ್ಟೋ ಅಪಘಾತಕ್ಕೀಡಾದರೆ ಅದರ ತನಿಖೆಯ ಕಡತ ನಮ್ಮಲ್ಲಿಗೆ ಬರುತ್ತದೆ. ಪ್ರತಿ ಕಡತವನ್ನೂ ಇಬ್ಬರು ಓದಬೇಕು. ಅಪಘಾತ ಯಾವ ಹಂತದಲ್ಲಾಯಿತು, ಕಾರಣ ಏನು ಎಂದು ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆಯಬೇಕು. ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರ ಕಣ್ಣಿಗೆ ಬೀಳಲಿ ಎಂದು. ಆ ಇಬ್ಬರಲ್ಲಿ ಒಬ್ಬಳು ನಾನು, ಮೊದಲ ಮಹಡಿಯಲ್ಲಿ. ಇನ್ನೊಬ್ಬರು ಅವರು, ಸರಿಯಾಗಿ ನನ್ನ ತಲೆಯ ಮೇಲೆ, ಎರಡನೆಯ ಮಹಡಿಯಲ್ಲಿ.

ಹಾಳೆಗಳು ಹೊಂದಿದರೆ ಮುಗಿಯಿತು. ಹೊಂದದಿದ್ದರೆ ಗುರುವಾರ ಮೂರಕ್ಕೆ ದೊಡ್ಡ ಮೇಡಂ ಎದುರು ಕೂತು ವಾದಿಸಬೇಕು. ದೊಡ್ಡ ಮೇಡಂ ನಮ್ಮ ವಿಭಾಗದ ಮುಖ್ಯಸ್ಥೆ. ಓದುಗರಿಬ್ಬರೂ ಸ್ನೇಹಿತರಾದರೆ ಎರಡು ಕಣ್ಣು ಒಂದೇ ಆಗಿಬಿಡುತ್ತದೆ ಎಂದು ಅವರಿಗೆ ಭಯ. ಹಾಗಾಗಿ ಊಟದ ಹೊತ್ತನ್ನೂ ಬೇರೆ ಮಾಡಿದ್ದರು. ಭಿನ್ನಾಭಿಪ್ರಾಯವಿಲ್ಲದ ವಾರ ಮೀಟಿಂಗೂ ಇಲ್ಲ.

ಅವರು ಮೊದಲು ವಿಮಾನ ರಿಪೇರಿ ಮಾಡುವ ಹ್ಯಾಂಗರಿನಲ್ಲಿದ್ದವರು. ಕಚೇರಿಯಲ್ಲಿ ಎಲ್ಲರಿಗೂ ಅವರು ಮೆಕ್ಯಾನಿಕ್. ಎಷ್ಟು ತೊಳೆದರೂ ಹೋಗದ ಗ್ರೀಸ್ ಅವರ ಬಲಗೈ ಹೆಬ್ಬೆರಳಿನ ಉಗುರಿನ ಅಂಚಿನಲ್ಲಿತ್ತು. ಮೊದಲ ಗುರುವಾರವೇ ನಾನು ಕಡತ ಬಿಟ್ಟು ಆ ಉಗುರನ್ನು ನೋಡುತ್ತಿದ್ದೆ.

"ಮೇಡಂ, ಪುಟ ಹನ್ನೆರಡು ಅಂದೆ," ಅಂದರು.

"ನೋಡ್ತಾ ಇದ್ದೀನಿ."

"ನಿಮ್ಮ ಕಡತ ತಲೆಕೆಳಗಾಗಿದೆ."

ನಾನು ಕಡತ ಸರಿಮಾಡಿಕೊಂಡೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾ ನಗು ನುಂಗಿಕೊಂಡರು. ನನಗೆ ಎಲ್ಲಿಲ್ಲದ ಕೋಪ ಬಂತು. ಆ ದಿನದ ವಾದದಲ್ಲಿ ಅವರನ್ನು ಎಳ್ಳಷ್ಟೂ ಕನಿಕರವಿಲ್ಲದೆ ಸೋಲಿಸಿದೆ.

ಆಮೇಲೆ ಪ್ರತಿ ವಾರ ಒಂದಾದರೂ ಭಿನ್ನಾಭಿಪ್ರಾಯ ಇದ್ದೇ ಇರುತ್ತಿತ್ತು, ಪ್ರತಿ ವಾರ ಅವರು ಸೋಲುತ್ತಿದ್ದರು. ಸೋತ ಮೇಲೆ ನನ್ನ ಟೀ ಕಪ್ಪಿನ ಹಿಡಿಯನ್ನು ನನ್ನ ಕಡೆಗೆ ತಿರುಗಿಸಿಟ್ಟು ಎದ್ದು ಹೋಗುತ್ತಿದ್ದರು. ಅಷ್ಟೇ. ಮುಂದಿನ ಗುರುವಾರದವರೆಗೆ ನಾನು ಅದನ್ನೇ ನೆನೆಸಿಕೊಂಡು ಬದುಕಬೇಕಿತ್ತು.

ಮಿಕ್ಕ ದಿನ ನನಗೆ ಸಿಗುತ್ತಿದ್ದದ್ದು ಅವರ ಕುರ್ಚಿಯ ಸದ್ದು. ಬೆಳಿಗ್ಗೆ ಒಂಬತ್ತೂವರೆಗೆ ಮೇಲೆ ಕುರ್ಚಿ ಎಳೆದ ಸದ್ದು ಕೇಳಿದರೆ ಬಂದರು ಅಂತ. ಹನ್ನೊಂದಕ್ಕೆ ಆರು ಹೆಜ್ಜೆ, ಕಿಟಕಿಯವರೆಗೆ. ಒಂದು ದಿನ ಸದ್ದೇ ಇಲ್ಲ. ಮಧ್ಯಾಹ್ನದವರೆಗೆ ಒಂದು ಸಾಲೂ ತಲೆಗೆ ಹತ್ತಲಿಲ್ಲ. ಜ್ವರವಂತೆ ಎಂದು ಯಾರೋ ಅಂದರು. ನಾನು ಯಾರು ವಿಚಾರಿಸಲು? ಅವರ ಮನೆ ಯಾವ ಬೀದಿ ಅಂತಲೂ ನನಗೆ ಗೊತ್ತಿರಲಿಲ್ಲ.

ನಾನಿರುವುದು ಅಕ್ಕ ಭಾವನ ಮನೆಯಲ್ಲಿ. ಅಕ್ಕ ಸ್ಕೂಲ್ ಟೀಚರ್, ಅವಳಿಂದ ಏನನ್ನೂ ಮುಚ್ಚಿಡಲಾಗದು.

"ಗುರುವಾರ ಬಂದ್ರೆ ಮಾತ್ರ ಇಸ್ತ್ರಿಪೆಟ್ಟಿಗೆ ನೆನಪಾಗುತ್ತೆ ನಿಂಗೆ," ಅಂದಳು ಒಂದು ಬೆಳಿಗ್ಗೆ.

"ಮೀಟಿಂಗ್ ಇರುತ್ತೆ ಕಣೇ."

"ವಿಮಾನ ಬಿದ್ದಿದ್ದಕ್ಕೆ ಮೀಟಿಂಗು. ಅದಕ್ಕೆ ಕಿವಿಗೆ ಹೊಸ ಓಲೆ."

"ಎಲ್ಲಾ ವಿಮಾನನೂ ಬೀಳಲ್ಲ. ಎಷ್ಟೋ ಇಳಿಯುವಾಗ ರನ್‌ವೇ ದಾಟಿ ಹೋಗ್ತವೆ. ಜನ ಇಳಿದು ನಡ್ಕೊಂಡು ಬರ್ತಾರೆ."

"ನೀನು ಯಾವಾಗ ಇಳಿಯೋದು?" ಅಂದಳು ಅಕ್ಕ. ಭಾವ ಪೇಪರಿನ ಹಿಂದೆ ಕೆಮ್ಮಿದರು.

ವರ್ಷದ ವರದಿಯಲ್ಲಿ ಪ್ರತಿ ಕಾರಣಕ್ಕೂ ನಾನೇ ಎರಡು ಗೆರೆ ಎಳೆಯುತ್ತೇನೆ, ಅದರಿಂದಾದ ಅಪಘಾತ ವರ್ಷಕ್ಕೆಷ್ಟು ಎಂದು. ಮೊದಲನೆಯದು ದೊಡ್ಡ ಪ್ರಯಾಣಿಕ ವಿಮಾನಗಳದ್ದು. ಹಾರಾಟಗಳು ಎಷ್ಟು ಹೆಚ್ಚಿದರೂ ದಶಕದಿಂದ ದಶಕಕ್ಕೆ ಆ ಗೆರೆ ಇಳಿಯುತ್ತಲೇ ಬಂದಿದೆ. ಪ್ರತಿ ಅಪಘಾತದಿಂದಲೂ ಯಾರೋ ಏನೋ ಕಲಿತು ಒಂದು ಪೈಪನ್ನೋ ಒಂದು ಅಭ್ಯಾಸವನ್ನೋ ಬದಲಿಸಿದ್ದಾರೆ, ಅದಕ್ಕೆ. ಎರಡನೆಯದು ಬಿಸಿನೆಸ್ ಜೆಟ್ಟುಗಳದ್ದು. ಅಲ್ಲಿ ಸಂಖ್ಯೆಯೇ ಕಡಿಮೆ, ಒಂದು ಕಡತ ಒಂದು ಕಾರಣದಿಂದ ಇನ್ನೊಂದಕ್ಕೆ ಹೋದರೆ ಸಾಕು, ಗೆರೆ ಅಲುಗಿಬಿಡುತ್ತದೆ.

ವರದಿಯ ಕೊನೆಯ ಗುರುವಾರ ಅಂಥದೇ ಒಂದು ಕಡತವಿತ್ತು. ಸಣ್ಣ ಜೆಟ್. ಪ್ರಯಾಣಿಕರಿರಲಿಲ್ಲ. ಒದ್ದೆ ರನ್‌ವೇಯಲ್ಲಿ ಇಳಿದು, ನಿಲ್ಲದೆ, ಕೊನೆ ದಾಟಿ ಹಳ್ಳಕ್ಕೆ ಹೋಗಿ ಬಿದ್ದಿತ್ತು. ಪೈಲಟ್ ವಯಸ್ಸಾದವರು, ಕಾಲು ಮುರಿದಿತ್ತು. ಆಸ್ಪತ್ರೆಯ ಹಾಸಿಗೆಯಿಂದ ಅವರು ಬರೆದುಕೊಟ್ಟ ಹೇಳಿಕೆ ಕಡತದಲ್ಲಿತ್ತು: "ಬ್ರೇಕ್ ತುಳಿದೆ. ಕಾಲಿಗೆ ಏನೂ ಸಿಗಲಿಲ್ಲ. ಮತ್ತೆ ತುಳಿದೆ."

ನಾನು 'ಬ್ರೇಕ್ ವೈಫಲ್ಯ' ಎಂದು ಬರೆದಿದ್ದೆ. ಅವರು 'ಪೈಲಟ್ ನಿರ್ಧಾರ' ಎಂದು ಬರೆದಿದ್ದರು.

"ರನ್‌ವೇಯಲ್ಲಿ ತುಂಬಾ ಮುಂದೆ ಬಂದು ನೆಲ ಮುಟ್ಟಿದ್ದಾರೆ," ಅಂದರು ಮೆಕ್ಯಾನಿಕ್. ದನಿಯಲ್ಲಿ ಕಸುವಿರಲಿಲ್ಲ. ಕೆನ್ನೆ ಒಳಗೆ ಹೋಗಿತ್ತು, ಜ್ವರ ಬಿಟ್ಟು ಎರಡೇ ದಿನವಾಗಿತ್ತು.

ನನ್ನ ಬೆರಳು ಪುಟ ನಲವತ್ತೊಂದರ ಮೇಲಿತ್ತು. ಬ್ರೇಕಿನ ಎಣ್ಣೆ ಹೋಗುವ ಪೈಪಿನಲ್ಲಿ ಬಿರುಕು ಸಿಕ್ಕಿದ್ದನ್ನು ಅಲ್ಲಿ ಫೋಟೋ ಸಮೇತ ಹಾಕಿದ್ದರು. ಆ ಪುಟ ತೆರೆದರೆ ಎರಡು ನಿಮಿಷದಲ್ಲಿ ಅವರು ಸೋಲುತ್ತಿದ್ದರು, ಕಪ್ಪು ತಿರುಗಿಸಿ ಎದ್ದು ಹೋಗುತ್ತಿದ್ದರು. ವರದಿ ಮುಗಿದರೆ ಮತ್ತೆ ಎರಡು ತಿಂಗಳು ಗುರುವಾರಗಳಿಲ್ಲ.

ಹಾಳಾದ್ದು, ಒಂದೇ ಒಂದು ಸಲ ಇವರು ಗೆದ್ದರೆ ಮುಖ ಹೇಗಿರುತ್ತದೆ ನೋಡಬೇಕು ಅನ್ನಿಸಿಬಿಟ್ಟಿತು.

"ಸರಿ," ಅಂದೆ. "ನಿಮ್ಮದೇ ಇರಲಿ."

ಅವರ ಮುಖ ಬಿಳಿಚಿಕೊಂಡಿತು. ನನ್ನನ್ನು ದಿಟ್ಟಿಸಿ ನೋಡಿದರು, ಬಾಯಿ ತೆರೆದರು, ಮುಚ್ಚಿದರು. ಅಷ್ಟರಲ್ಲಿ ದೊಡ್ಡ ಮೇಡಂ ಬರೆದುಕೊಂಡು ಪುಸ್ತಕ ಮುಚ್ಚಿಯಾಗಿತ್ತು. ಪಾಪ, ಸಂತೋಷಕ್ಕೆ ಮಾತೇ ಹೊರಡಲಿಲ್ಲ ಅಂದುಕೊಂಡೆ ನಾನು. ಕಪ್ಪು ತಿರುಗಿಸುವುದನ್ನೂ ಮರೆತು ಹೋದರು.

ಮುಂದಿನ ಮಂಗಳವಾರ ಬೆಳಿಗ್ಗೆ ಮೇಲೆ ಕುರ್ಚಿ ಸದ್ದಾಗಲಿಲ್ಲ. ಬದಲಿಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ತಲೆಯೆತ್ತಿದರೆ ಅವರು ನನ್ನ ಮೇಜಿನ ಮುಂದೆ. ಅಷ್ಟು ದಿನದಲ್ಲಿ ಒಮ್ಮೆಯೂ ಅವರು ನಮ್ಮ ಮಹಡಿಗೆ ಕಾಲಿಟ್ಟಿರಲಿಲ್ಲ.

"ಆ ಜೆಟ್‌ದು ತಪ್ಪು," ಅಂದರು. "ಬ್ರೇಕೇ ಫೇಲಾಗಿದ್ದು. ನಲವತ್ತೊಂದನೇ ಪುಟ. ನಂಗೆ ಮೊದಲ್ನೇ ಸಲ ಓದಿದಾಗ್ಲೇ ಗೊತ್ತಿತ್ತು. ಅಂಥ ಪೈಪ್ ಎಷ್ಟು ಬದಲಾಯಿಸಿದೀನಿ ನಾನು."

"ಮತ್ತೆ ಯಾಕೆ ಹಾಗೆ ಬರೆದ್ರಿ?"

ಅವರು ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು.

"ನೀವು ಸರಿಯಾಗಿ ಬರೀತೀರಿ ಅಂತ ಗೊತ್ತಿತ್ತು. ನಾನೂ ಸರಿಯಾಗಿ ಬರೆದ್ರೆ ಎರಡೂ ಹೊಂದುತ್ತೆ. ಹೊಂದಿದ್ರೆ ಗುರುವಾರ ಇಲ್ಲ."

ನಾನು ಮುಂದಿದ್ದ ಕಡತ ಮುಚ್ಚಿಟ್ಟೆ.

"ಮೊದಲ ವಾರ ನಿಜವಾಗ್ಲೂ ತಪ್ಪಾಗಿತ್ತು," ಅಂದರು. "ಆಮೇಲಿಂದ ವಾರಕ್ಕೊಂದು ಬೇಕಂತ್ಲೇ ತಪ್ಪು ಬರೀತಿದ್ದೆ. ನೀವು ಹೇಗಿದ್ರೂ ಸೋಲಿಸ್ತೀರಿ, ಕೊನೆಗೆ ಸರಿಯಾದ್ದೇ ದಾಖಲಾಗುತ್ತೆ, ಯಾರಿಗೇನು ನಷ್ಟ ಅಂತ. ನಿಮ್ಮೆದುರು ಅರ್ಧ ಗಂಟೆ ಕೂತಿರೋಕೆ, ಅಷ್ಟೇ. ಯಾವತ್ತೂ ಸೋಲದೋರು ಈ ಸಲ ಯಾಕೆ ಸೋತ್ರಿ ಮೇಡಂ?"

ಯಾಕೆ ಸೋತೆ. ಈ ಮಾತು ಕೇಳಬೇಕೆಂದು ನಾನು ಎಷ್ಟು ಹಂಬಲಿಸಿದ್ದೆ! ಬೇರೆ ಯಾವ ದಿನ ಕೇಳಿದ್ದರೂ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಈಗ ಕಣ್ಣ ಮುಂದೆ ಬಂದದ್ದು ಆಸ್ಪತ್ರೆಯ ಹಾಸಿಗೆ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಕೂರಲು ಆ ಮನುಷ್ಯನ ತಲೆಗೆ ತಪ್ಪು ಕಟ್ಟಿದ್ದೆವು. ವರದಿಯಲ್ಲಿ ಹೆಸರಿರುವುದಿಲ್ಲ ನಿಜ. ಆದರೆ ದಿನಾಂಕವಿರುತ್ತದೆ, ವಿಮಾನದ ಮಾದರಿ ಇರುತ್ತದೆ. ಕಸುಬಿನವರಿಗೆ ಅಷ್ಟು ಸಾಕು, ಆತನಿಗೆ ಮತ್ತೆ ಯಾರೂ ವಿಮಾನ ಕೊಡುವುದಿಲ್ಲ.

"ನಡೀರಿ, ದೊಡ್ಡ ಮೇಡಂ ಹತ್ರ," ಅಂದೆ. ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

ದೊಡ್ಡ ಮೇಡಂ ಇಬ್ಬರ ಮಾತನ್ನೂ ಪೂರ್ತಿ ಕೇಳಿದರು. ತಮ್ಮ ತಪ್ಪನ್ನು ಮೆಕ್ಯಾನಿಕ್ ಹೇಳಿದರು. ಪುಟ ನಲವತ್ತೊಂದರ ಮೇಲೆ ಬೆರಳಿಟ್ಟೂ ತೆರೆಯಲಿಲ್ಲ ಎಂದು ನನ್ನದನ್ನು ನಾನು ಹೇಳಿದೆ. ಪಕ್ಕದಲ್ಲಿದ್ದ ಅವರು ತಟ್ಟನೆ ನನ್ನ ಕಡೆ ತಿರುಗಿದರು.

"ಒಟ್ಟು ಎಷ್ಟು ಗುರುವಾರ?"

"ಹತ್ತೊಂಬತ್ತು, ಮೇಡಂ," ಅಂದರು ಅವರು.

"ಹತ್ತೊಂಬತ್ತು ವಾರ ನಿಮ್ಮಿಬ್ಬರ ಮಧ್ಯೆ ನಾನು ಯಾವ ಸಂಭ್ರಮಕ್ಕೆ ಕೂತಿದ್ದೆ?" ಅಂದರು ದೊಡ್ಡ ಮೇಡಂ. ನಗಬೇಕೋ ಬೇಡವೋ ತಿಳಿಯಲಿಲ್ಲ, ಅವರು ನಗುತ್ತಿರಲಿಲ್ಲ.

ಉಳಿದ ಕಡತಗಳನ್ನು ದೊಡ್ಡ ಮೇಡಂ ತಾವೇ ಕೂತು ಮತ್ತೆ ನೋಡಿದರು. ಎಲ್ಲ ಸರಿಯಿದ್ದವು. ಆದರೆ ವರದಿ ಅಚ್ಚಾಗಿ ಬಂದುಬಿಟ್ಟಿತ್ತು, ಎಂಟುನೂರು ಪ್ರತಿ. ಪ್ರತಿಯೊಂದಕ್ಕೂ ತಿದ್ದುಪಡಿಯ ಚೀಟಿ ಅಂಟಿಸಬೇಕು, ನನ್ನ ಗೆರೆಯನ್ನೂ ಹೊಸದಾಗಿ ಎಳೆದು ಅಂಟಿಸಬೇಕು.

"ನೀವಿಬ್ಬರೇ ಮಾಡಿ," ಅಂದರು. "ಮೇಜಿನ ಆ ತುದಿ ಈ ತುದಿ. ತುಟಿ ಬಿಚ್ಚಕೂಡದು."

ಎರಡು ದಿನ ಅಂಟಿಸಿದೆವು. ಅವರು ಚೀಟಿಗೆ ಗೋಂದು ಹಚ್ಚಿ ಮೇಜಿನ ಮೇಲೆ ಜಾರಿಸುವುದು, ನಾನು ಪುಟ ಹುಡುಕಿ ಒತ್ತುವುದು. ಗೋಂದಿನ್ನೂ ಹಸಿಯಿರುವಾಗ ಅದೇ ಚೀಟಿಯನ್ನು ಇಬ್ಬರೂ ಮುಟ್ಟುತ್ತಿದ್ದೆವು. ಮುನ್ನೂರನೆಯದೋ ಏನೋ, ಅವರು ಜಾರಿಸಿದ ಚೀಟಿಯ ಅಂಚಿನಲ್ಲಿ ಹೆಬ್ಬೆರಳಿನ ಗುರುತು ಮೂಡಿತ್ತು. ನಾನು ಅದನ್ನು ಬೇಕೆಂದೇ ನಿಧಾನವಾಗಿ ಒತ್ತಿದೆ. ತಲೆಯೆತ್ತಿದರೆ ಅವರು ನೋಡುತ್ತಿದ್ದರು. ನಾನು ಕಣ್ಣು ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ಗೋಂದು ಒಣಗಿಹೋಯಿತು. ನಾನು ಮುಂದಿನ ಚೀಟಿಗೆ ಕೈಚಾಚಿದೆ.

ಎಂಟುನೂರನೆಯದು ಮುಗಿದ ಸಂಜೆ ಅವರು ರಾಜೀನಾಮೆ ಕೊಟ್ಟರು. ಸುಳ್ಳು ಬರೆದವನು ಇನ್ನು ಆ ಹಾಳೆಯ ಮುಂದೆ ಕೂರಬಾರದು ಎಂದರಂತೆ. ತಮ್ಮ ಹಳೆಯ ಹ್ಯಾಂಗರಿಗೇ ವಾಪಸ್ ಹೋದರು. ನನಗೆ ಲಿಖಿತ ಎಚ್ಚರಿಕೆ ಬಂತು.

ಮೇಲೆ ಹೊಸಬರು ಬಂದರು. ಅವರ ಕುರ್ಚಿಗೆ ಚಕ್ರಗಳಿದ್ದವು, ಸದ್ದೇ ಬರುತ್ತಿರಲಿಲ್ಲ. ಈಗ ಮೆಕ್ಯಾನಿಕ್ ಜೊತೆ ಮಾತಾಡಲು ನನಗೆ ಯಾವ ನಿಯಮವೂ ಅಡ್ಡವಿರಲಿಲ್ಲ. ಆದರೆ ಅವರು ಹೇಳಿದ್ದಕ್ಕೆ ನಾನು ಉತ್ತರವನ್ನೇ ಕೊಟ್ಟಿರಲಿಲ್ಲ. ಕೊಡಲು ಹೋದರೆ ಆ ಪೈಲಟ್ ನೆನಪಾಗುತ್ತಿದ್ದರು, ಕಾಲು ಹಿಂದೆ ಸರಿಯುತ್ತಿತ್ತು. ನಾಲ್ಕು ಗುರುವಾರ ಹಾಗೇ ಹೋದವು. ಮೂರು ಗಂಟೆಗೆ ಟೀ ಬರುತ್ತಿತ್ತು, ಕಪ್ಪಿನ ಹಿಡಿ ಎತ್ತಲೋ ತಿರುಗಿರುತ್ತಿತ್ತು.

ಐದನೆಯ ವಾರ ಕಚೇರಿಯ ವಿಳಾಸಕ್ಕೆ ಒಂದು ಕಾರ್ಡ್ ಬಂತು. ನಡುಗುವ ಕೈಬರಹ, ಕಡತದ ಹೇಳಿಕೆಯಲ್ಲಿ ನಾನು ನೋಡಿದ್ದ ಕೈಬರಹ. "ತಿದ್ದುಪಡಿ ತಲುಪಿತು. ಕಂಪನಿಯವರು ಮತ್ತೆ ಕರೆದಿದ್ದಾರೆ. ಕಾಲು ಪೂರ್ತಿ ಕೂಡಿದ ಮೇಲೆ ಹೋಗುತ್ತೇನೆ."

ಅದನ್ನು ಮನೆಗೆ ತಂದು ಅಕ್ಕನಿಗೆ ತೋರಿಸಿದೆ. ತೋರಿಸುತ್ತಲೇ ಅತ್ತುಬಿಟ್ಟೆ. ಅಕ್ಕ ಓದಿ, ಒಳಗೆ ಹೋಗಿ, ಇಸ್ತ್ರಿಪೆಟ್ಟಿಗೆ ತಂದು ನನ್ನ ಮುಂದೆ ಇಟ್ಟಳು.

"ನಾಳೆ ಗುರುವಾರ," ಅಂದಳು.

ಅರ್ಧ ದಿನ ರಜೆ ಹಾಕಿ ಹೋದೆ. ಹ್ಯಾಂಗರ್ ಊರಿನ ಅಂಚಿನಲ್ಲಿ, ಸಣ್ಣ ವಿಮಾನ ನಿಲ್ದಾಣದ ಹಿಂಬದಿಯಲ್ಲಿದೆ. ಒಂದು ಜೆಟ್ಟಿನ ರೆಕ್ಕೆಯ ಕೆಳಗೆ, ಚಕ್ರದ ಪಕ್ಕ, ಅವರು ಮಂಡಿಯೂರಿ ಕೂತಿದ್ದರು. ಕೈಯಲ್ಲಿ ಹೊಸ ಪೈಪಿತ್ತು. ಈಗ ಹತ್ತೂ ಉಗುರು ಕಪ್ಪು.

"ಮೂರು ಗಂಟೆ ಆಯ್ತು," ಅಂದೆ.

ಅವರು ಎದ್ದ ರಭಸಕ್ಕೆ ತಲೆ ರೆಕ್ಕೆಗೆ ಬಡಿಯಿತು. ನಾನು ಕಾರ್ಡ್ ಕೊಟ್ಟೆ. ಗ್ರೀಸ್ ತಾಗದ ಹಾಗೆ ಎರಡು ಮುಂಗೈ ನಡುವೆ ಹಿಡಿದು ಓದಿದರು. ಎರಡು ಸಲ ಓದಿದರು. ಕನ್ನಡಕ ಮಂಜಾಯಿತು, ಒರೆಸಲು ಕೈ ಕೊಳೆಯಾಗಿತ್ತು. ನಾನೇ ತೆಗೆದು, ನನ್ನ ಇಸ್ತ್ರಿ ಮಾಡಿದ ತೋಳಿನಲ್ಲಿ ಒರೆಸಿ, ಅವರ ಮೂಗಿನ ಮೇಲೆ ಇಟ್ಟೆ.

"ಆ ದಿನ ಉತ್ತರ ಕೊಡ್ಲಿಲ್ಲ ನಾನು," ಅಂದೆ. "ನನಗೆ ನೀವಂದ್ರೆ ಇಷ್ಟ. ನಿಮಗಿಂತ ಮೊದಲಿಂದ್ಲೇ ಇಷ್ಟ."

ಅವರು ನುಂಗಿಕೊಂಡಿದ್ದ ಆ ನಗು ನಿಧಾನವಾಗಿ ಹೊರಗೆ ಬಂತು. ಹತ್ತೊಂಬತ್ತು ವಾರ ನನಗೆ ಸಿಗದೇ ಹೋಗಿದ್ದ ನಗು.

"ಮೊದಲು ನಾನು," ಅಂದರು. "ಇದನ್ನ ಒಪ್ಪಲ್ಲ."

"ಆಧಾರ?"

"ಮೊದಲ ಗುರುವಾರ. ನೀವು ಕಡತ ತಲೆಕೆಳಗೆ ಹಿಡಿದಿದ್ರಿ. ನಾನಾಗ್ಲೇ ನಿಮಗೆ ಸೋತುಹೋದೆ."

"ಯಾಕೆ ಹಾಗೆ ಹಿಡಿದಿದ್ದೆ ಅಂತ ಕೇಳಿ."

ಅವರು ಒಂದು ಖಾಲಿ ಡಬ್ಬ ಬೋರಲು ಹಾಕಿ ನನಗೆ ಕೂರಲು ಕೊಟ್ಟರು. ಎದುರಿಗೆ ತಾವೊಂದು ಹಾಕಿಕೊಂಡರು. ನಾನು ಅವರ ಬಲಗೈ ತೆಗೆದುಕೊಂಡು, ಹೆಬ್ಬೆರಳಿನ ಉಗುರು ತೋರಿಸಿ, ನನ್ನ ವಾದ ಶುರುಮಾಡಿದೆ. ಸಂಜೆ ಹ್ಯಾಂಗರಿನ ಬಾಗಿಲು ಎಳೆಯುವವರೆಗೂ ಮಾತಾಡಿದೆವು. ಈ ಸಲ ನಾನು ಬಿಟ್ಟುಕೊಡಲಿಲ್ಲ.