ಕೊನೇ ಪ್ಯಾಡಿನ ಢೋಲಕ್

"ನನ್ನ ಕೈ ಇಟ್ಕೊಂಡು, ನನ್ನಷ್ಟ ಹೊರಗ ಹಾಕಿದ್ರಿ... ಹೌದಿಲ್ಲೋ?"

ಯಲಹಂಕದ ಛತ್ರದಲ್ಲಿ ರಿಸೆಪ್ಷನ್ ಕಾರ್ಯಕ್ರಮದ ನಡುವೆ ವೇದಿಕೆಯ ಬದಿಯಲ್ಲಿ ನೀರು ಕುಡಿಯುತ್ತಿದ್ದ ಧನಲಕ್ಷ್ಮಿ ಬೆಚ್ಚಿ ತಿರುಗಿದಳು. ಸೋಮನಾಥ! ಅವಳು ನುಡಿಸುವ ಆರ್ಕೆಸ್ಟ್ರಾದಲ್ಲಿ ಢೋಲಕ್ ಬಾರಿಸುತ್ತಿದ್ದವನು. ಅವಳು ಬಾಯಿಬಿಟ್ಟು ಹೇಳದೆ ಪ್ರೀತಿಸಿದವನು. ಇಂದು ಹೆಣ್ಣಿನ ಕಡೆಯವರ ಜೊತೆ ಊಟಕ್ಕೆ ಬಂದಿದ್ದ.

ಅವಳ ಎದುರಿಗಿದ್ದದ್ದು ಅಗ್ಗದ ಸ್ಯಾಂಪಲ್ ಪ್ಯಾಡ್. ಅದರ ಒಂದೊಂದು ರಬ್ಬರ್ ಚೌಕ ಮುಟ್ಟಿದರೂ ತುಂಬಿಟ್ಟ ಒಂದೊಂದು ಸದ್ದು ಹೊರಡುತ್ತದೆ. ಹೋದ ವರ್ಷ ಅಟ್ಟೂರಿನ ಅವಳ ಮನೆಯಲ್ಲಿ ಕೂತು, ಅವಳು ಕಲಿಯಲೆಂದು ಒಂದೊಂದೇ ಪೆಟ್ಟು ಬಾರಿಸಿ ತುಂಬಿಕೊಟ್ಟವನು ಅವನೇ. ಅದನ್ನು ಕೇಳಿದ ಆರ್ಕೆಸ್ಟ್ರಾ ಓನರ್, ಇನ್ನು ಢೋಲಕ್ಕಿನವನು ಯಾಕೆ ಎಂದು ಅವನನ್ನು ಬಿಡಿಸಿಬಿಟ್ಟಿದ್ದ.

"ನಂಗೆ ಗೊತ್ತಾಗಿದ್ದೇ ಆಮೇಲೆ. ಎಷ್ಟ್ ಸಲ ಫೋನ್ ಮಾಡ್ದೆ, ಎತ್ತಿದ್ಯಾ ನೀನು?"

ಅವನು ಪ್ಯಾಡಿನತ್ತ ನೋಡಿದ. ಬಲಗೈ ಪ್ಯಾಂಟಿನ ಜೇಬಿನಲ್ಲೇ ಇತ್ತು.

"ಈ ಸದ್ದೇ ಇಲ್ದಿದ್ರೆ ನಿನ್ನ ವಾಪಸ್ ಕರೀಲೇಬೇಕಲ್ವಾ? ನೋಡು ಹಾಗಾದ್ರೆ."

ಅವಳು ಅಳಿಸತೊಡಗಿದಳು. ಒಂದು ಚೌಕದ ಸದ್ದು... ಇನ್ನೊಂದು... ಮತ್ತೊಂದು. ಬೇರೆಲ್ಲೂ ಉಳಿಸಿರಲಿಲ್ಲ, ಅಳಿಸಿದರೆ ಮುಗಿಯಿತು. ಪ್ರೀತಿಸಿದವರಿಗೆ ಸಿಟ್ಟು ಬಂದರೆ ಬುದ್ಧಿ ಎಲ್ಲಿರುತ್ತೆ ಹೇಳಿ?

ಕೊನೆಯದಕ್ಕೆ ಬಂದಾಗ ಅವನು ಎಡಗೈಯಿಂದ ಅವಳ ಮಣಿಕಟ್ಟು ಹಿಡಿದ.

"ಬ್ಯಾಡ ಧನಾ."

ಜೇಬಿನಿಂದ ಬಲಗೈ ಹೊರಬಂತು. ಹೆಬ್ಬೆರಳು, ಕಿರುಬೆರಳು. ನಡುವೆ ಏನೂ ಇರಲಿಲ್ಲ.

"ಇಲ್ಲಿ ಬಿಟ್ಟ ಮ್ಯಾಲೆ ಫ್ಯಾಕ್ಟರಿ ಸೇರಿದ್ದೆ. ಪ್ರೆಸ್‌ ಮಶೀನಿನಾಗ ಕೈ ಸಿಕ್ಕೊಂಡ್ತು."

ಅಯ್ಯೋ... ಇನ್ನೆಂದೂ ಹುಟ್ಟದ ಸದ್ದನ್ನು ನನ್ನ ಕೈಯಾರೆ ಅಳಿಸಿಬಿಟ್ಟೆನಾ? ಅವಳು ಪ್ಯಾಡಿನಿಂದ ಕೈ ಎಳೆದುಕೊಂಡಳು.

"ಒಂದ್ ಮಾತು ಹೇಳ್ಬಾರ್ದಿತ್ತಾ?"

"ನೀ ಬಾ ಅಂತಿದ್ದಿ. ಬಂದು ಏನ್ ಬಾರಸ್ಲಿ?"

"ನಂಗೆ ನಿನ್ನ ಢೋಲಕ್ ಬೇಕಿರ್ಲಿಲ್ಲ ಕಣೋ. ನೀನು ಬೇಕಿತ್ತು."

ವೇದಿಕೆಯಿಂದ ಓನರ್ ಅವಳ ಹೆಸರು ಕೂಗುತ್ತಿದ್ದ. ಸದ್ದು ಅಳಿಸಿದ ಮೇಲೆ ತನ್ನ ಕೆಲಸವೂ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳು ಅತ್ತ ತಿರುಗಲಿಲ್ಲ.

ಸೋಮನಾಥ ಎಡಗೈಯ ಬೆರಳಿನಿಂದ ಕೊನೆಯ ಚೌಕ ಒತ್ತಿದ. ಅವನ ಹಳೆಯ ಬಲಗೈ ಒಮ್ಮೆ ನುಡಿದು ಸುಮ್ಮನಾಯಿತು.

"ಇನ್ನೊಂದ್ಸಲ ಒತ್ತು."

"ಅದೊಂದ ಪೆಟ್ಟು ಬರ್ತದ. ಬ್ಯಾರೆ ಏನೂ ಉಳದಿಲ್ಲ ಧನಾ."

ಅವಳು ಎರಡೇ ಬೆರಳುಳಿದ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಗೊತ್ತು. ಒತ್ತು."