ದೆವ್ವ ಹೆದರುವ ಅಕ್ಷರ

"ಮೇಲೆ ಅಂಟಿಸ್ಬೇಕು ಮಗಳೇ, ಕೀಳ್ಬಾರ್ದು," ಎಂದು ಬಾಗಿಲಿಗಂಟಿದ ಕಾಗದ ತೋರಿಸಿ ಹೇಳಿದ್ದಳು ಮನೆಯ ಯಜಮಾನಿ, ಮುದುಕಿ ಛೂ. ರೂಯಿ ನಕ್ಕಿದ್ದಳು.

ಅಪರೂಪದ ಅಕ್ಷರಗಳ ನಿಘಂಟಿನ ಕೆಲಸಕ್ಕೆ ತಂಗಿ ಸುಲಿಯನ್‌ಳನ್ನೂ ಕರೆದುಕೊಂಡು ಅವಳು ಚೀನಾದ ಶಾನ್ಶಿಯ ಈ ಹಳ್ಳಿಗೆ ಬಂದದ್ದೇ ಆ ಬಾಗಿಲ ಮೇಲಿನ ಒಂದು ಅಕ್ಷರಕ್ಕಾಗಿ. ಮನುಷ್ಯ ಸತ್ತರೆ ದೆವ್ವ. ದೆವ್ವವೂ ಸತ್ತರೆ ಏನಾಗುತ್ತದೋ ಅದರ ಹೆಸರು ಆ ಅಕ್ಷರ. ದೆವ್ವಗಳಿಗೆ ಅದೊಂದೇ ಭಯ. ಛೂ ಮನೆಯವರು ಪ್ರತಿ ಹೊಸವರ್ಷ ಅದನ್ನು ಬರೆದು, ಹಳೆಯ ಕಾಗದದ ಮೇಲೆಯೇ ಅಂಟಿಸುತ್ತ ಬಂದಿದ್ದರು. ಬರಿಯ ಮರದ ಮೇಲೆ ಮೊದಲು ಬರೆದ ಹಿರಿಯ ಮಾತ್ರ ಮರುದಿನದಿಂದ ಹೆಂಡತಿಗೂ ನೆನಪಿರಲಿಲ್ಲವಂತೆ. ಯಾರೆಂದು ತಿಳಿಯದ ಅವನಿಗೆ ಊಟದ ಹೊತ್ತಿಗೆ ಈಗಲೂ ಒಂದು ಬಟ್ಟಲು ಇಡುತ್ತಿದ್ದರು.

"ಆ ಬಟ್ಟಲಲ್ಲಿರೋದನ್ನ ತಿನ್ನೋದು ಬೆಕ್ಕು ತಾನೇ ಅಜ್ಜಿ?" ಎಂದು ರೂಯಿ ಕೆಣಕಿದ್ದಳು.

ಮಧ್ಯಾಹ್ನ ಮುದುಕಿ ಹಿತ್ತಲಿನ ವಿನೆಗರ್ ಜಾಡಿಗಳತ್ತ ಹೋದಳು. ಸುಲಿಯನ್ ಒಳಗೆ ನವಣೆ ಗಂಜಿ ಕುಡಿಯುತ್ತಿದ್ದಳು. ಅಕ್ಷರದ ಮೊದಲ ರೂಪ ನೋಡಲು ರೂಯಿ ಕೆಟಲಿನ ಹಬೆ ಹಿಡಿದು ಬಾಗಿಲ ಕಾಗದದ ಪದರಗಳನ್ನು ಬಿಡಿಸತೊಡಗಿದಳು. ಹಳೆಯ ಅಂಟಿನ ಹುಳಿ ವಾಸನೆ. ಆಳಕ್ಕಿಳಿದಂತೆ ಅಕ್ಷರ ಸಡಿಲವಾಗುತ್ತ ಹೋಯಿತು. ಕೊನೆಗೆ ಮರದ ಮೇಲೆ, ಅದು ಒಂದೇ ಅಕ್ಷರವಾಗಿರಲೇ ಇಲ್ಲ. ಒಂದರ ಕೆಳಗೊಂದು, ಎರಡು ಬಿಡಿ ಅಕ್ಷರಗಳು. ಯಾರದೋ ಹೆಸರು; ಮೊದಲು ಬರೆದವನದೇ ಇರಬೇಕು. ಬರೆಯುತ್ತ ಬರೆಯುತ್ತ ತಲೆಮಾರುಗಳು ಎರಡನ್ನೂ ಬೆಸೆದುಬಿಟ್ಟಿದ್ದವು. ಬೆರಳಿನಿಂದ ಸವರಿದಳು.

ಮಸಿ ಇನ್ನೂ ಹಸಿಯಾಗಿತ್ತು.

ಹೆಸರು ಅಳಿಸಿಹೋಯಿತು. ಹಬೆಗೆ ಒದ್ದೆಯಾದ ಕಾಗದಗಳೆಲ್ಲ ಕಾಲಬಳಿ ಕರಿಯ ಮುದ್ದೆಯಾಗಿದ್ದವು. ವಿನೆಗರಿನ ಘಾಟು ಸತ್ತಿತು. ಅಗೆದ ಗೋರಿಯ ಮಣ್ಣಿನ ವಾಸನೆ ಅವಳನ್ನು ತಳ್ಳಿಕೊಂಡು ಒಳಹೊಕ್ಕಿತು. ಒಳಗೆ ಚಮಚ ಬಿದ್ದ ಸದ್ದು.

ಓಡಿದಳು. ಹಾಡಹಗಲೇ ಕೋಣೆಯಲ್ಲಿ ಕತ್ತಲು. ಸುಲಿಯನ್‌ಳ ಬಾಯಿ ತೆರೆದಿತ್ತು. ಉಸಿರಿಲ್ಲ. ತುಟಿ ನೀಲಿ. ಅವಳ ಗಂಟಲೊಳಗಿಂದ ಯಾರೋ ಗಂಜಿ ಹೀರುತ್ತಿದ್ದರು.

ಹೊಸ್ತಿಲಲ್ಲಿ ಮುದುಕಿ ನಿಂತಿದ್ದಳು. "ಬರಿ ಮರ ಅದು, ಮಗಳೇ. ಬರೆದೋರ ಗತಿ ಗೊತ್ತಲ್ಲ."

ಗೊತ್ತಿತ್ತು. ಬೆರಳಿಗೆ ಮಸಿ ಇನ್ನೂ ಅಂಟಿತ್ತು. ಬಾಗಿಲಿಗೆ ಧಾವಿಸಿದಳು. ತನ್ನ ಹೆಸರು ಬರೆದಳು. ಒಂದು ಗೆರೆ. ಇನ್ನೊಂದು. ಮಸಿ ತೀರಿತು. ಉಗುರಿನಿಂದ ಗೀರಿದಳು. ಕೊನೆಯ ಗೆರೆ.

ಒಳಗೆ ಕೆಮ್ಮು. ಆಮೇಲೆ ಉಸಿರು. ರೂಯಿ ಓಡಿಹೋಗಿ ತಂಗಿಯನ್ನು ಅಪ್ಪಿಕೊಂಡಳು. ಸುಲಿಯನ್ ಮೈ ಬಿಗಿಹಿಡಿದು ಮೆಲ್ಲಗೆ ಬಿಡಿಸಿಕೊಂಡಳು. ಮುದುಕಿಯತ್ತ ಸರಿದಳು.

"ಇವ್ರು ಯಾರು, ಅಜ್ಜಿ?"

ಮುದುಕಿಯೂ ರೂಯಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಗುರುತು ಸಿಕ್ಕಲಿಲ್ಲ. ಕಪಾಟಿಗೆ ಹೋಗಿ, ಯಾಕೆಂದು ತನಗೇ ತಿಳಿಯದೆ, ಇನ್ನೊಂದು ಬಟ್ಟಲು ತಂದು ಮೇಜಿನ ಮೇಲಿಟ್ಟಳು.